ಮನೆಯಲ್ಲಿ ಬೆಳೆದ ಈರುಳ್ಳಿ, ಸಾಂಬಾರ್ ಈರುಳ್ಳಿ ತಿಂಗಳೊಳಗೆ ಕೊಳೆಯುತ್ತಿವೆ. ಯಾವಾಗ ಕೀಳಬೇಕು, ಹೇಗೆ ಒಣಗಿಸಿ ಇಡಬೇಕು?

ಮೈಸೂರಿನ ಹೊರವಲಯದ ನಿಮ್ಮ ಹಿತ್ತಲಿನಲ್ಲಿ ಜೂನ್ ತಿಂಗಳಲ್ಲಿ ದಪ್ಪ ಈರುಳ್ಳಿಯನ್ನೂ ಸಾಂಬಾರ್ ಈರುಳ್ಳಿಯನ್ನೂ ನಾಟಿ ಮಾಡಿ, ಎರಡನ್ನೂ ಅಕ್ಟೋಬರ್‌ನಲ್ಲಿ ಒಟ್ಟಿಗೆ ಕಿತ್ತು, ಹಸಿ ಸೊಪ್ಪನ್ನು ಆಗಲೇ ಕತ್ತರಿಸಿ, ಎರಡು ದಿನ ತಾರಸಿಯ ಬಿಸಿಲಿನಲ್ಲಿಟ್ಟು ಚೀಲಕ್ಕೆ ತುಂಬಿದಿರೆಂದೂ, ತಿಂಗಳೊಳಗೆ ಅರ್ಧ ಕೊಳೆತು ಉಳಿದವುಗಳಲ್ಲಿ ಬಹುಪಾಲು ಮೊಳೆತವೆಂದೂ ಬರೆದಿದ್ದೀರಿ. ನಾನು ದಾವಣಗೆರೆಯ ಸಮೀಪ ಮನೆಬಳಕೆಗೆಂದು ಎರಡು ಗುಂಟೆಯಲ್ಲಿ ಹನ್ನೆರಡು ವರ್ಷಗಳಿಂದ ಈರುಳ್ಳಿ ಬೆಳೆಯುತ್ತಿದ್ದೇನೆ. ನೀವು ಮಾಡಿದ ತಪ್ಪುಗಳನ್ನೆಲ್ಲ ನಾನೂ ಮಾಡಿದ್ದೇನೆ, ಅವುಗಳ ಮೇಲೆ ಇನ್ನೊಂದೆರಡನ್ನು ಸೇರಿಸಿದ್ದೇನೆ. ಆದ್ದರಿಂದ ತುಸು ವಿವರವಾಗಿಯೇ ಉತ್ತರಿಸುತ್ತೇನೆ.

ಮೊದಲು ಈರುಳ್ಳಿಯ ಕತ್ತಿನ ವಿಷಯ. ನಾವು ಗಡ್ಡೆ ಎಂದು ಕರೆಯುವುದು ಎಲೆಗಳ ಬುಡವೇ ಒಂದರ ಮೇಲೊಂದು ಸುತ್ತಿಕೊಂಡು, ಆಹಾರ ತುಂಬಿಕೊಂಡು ಉಬ್ಬಿದ ಭಾಗ. ಆ ಎಲೆಗಳೆಲ್ಲ ಹೊರಬರುವ ಜಾಗವೇ ಕತ್ತು. ಅದು ಹಸಿಯಾಗಿರುವಷ್ಟು ದಿನವೂ ಕೊಳೆರೋಗಕ್ಕೆ ಗಡ್ಡೆಯ ಒಳಕ್ಕೆ ನೇರವಾದ ದಾರಿಯಿರುತ್ತದೆ. ಒಣಗಿ ಮುದುಡಿಕೊಂಡರೆ ಆ ದಾರಿ ಮುಚ್ಚುತ್ತದೆ. ನೀವು ಹಸಿ ಸೊಪ್ಪನ್ನು ಬುಡದವರೆಗೆ ಕತ್ತರಿಸಿದಾಗ ಆಗಿದ್ದು ಒಂದಲ್ಲ, ಎರಡು ನಷ್ಟ. ಕತ್ತು ಗಾಯವಾಗಿ ತೆರೆದುಕೊಂಡಿತು. ಅದರ ಜೊತೆಗೆ, ಮಾಗುವ ಕಾಲದಲ್ಲಿ ಎಲೆಗಳಿಂದ ಗಡ್ಡೆಗೆ ಇಳಿದು ಮೊಳಕೆಯನ್ನು ತಡೆಹಿಡಿಯಬೇಕಾಗಿದ್ದ ಅಂಶಗಳು ಪೂರ್ತಿಯಾಗಿ ಇಳಿಯಲಿಲ್ಲ. ಕೊಳೆತದ್ದಕ್ಕೂ ಮೊಳೆತದ್ದಕ್ಕೂ ಮುಖ್ಯ ಕಾರಣ ಆ ಕತ್ತರಿಯೇ ಎಂದು ನನಗನ್ನಿಸುತ್ತದೆ.

ಕೀಳುವ ಹದವನ್ನು ತಿಳಿಸುವುದೂ ಕತ್ತೇ. ಗಡ್ಡೆ ಬಲಿತ ಮೇಲೆ ಹೊಸ ಎಲೆ ಬರುವುದು ನಿಲ್ಲುತ್ತದೆ, ಕತ್ತು ಒಳಗೆ ಟೊಳ್ಳಾಗಿ ಮೆತ್ತಗಾಗುತ್ತದೆ, ಸೊಪ್ಪು ಇನ್ನೂ ಅರೆಹಸಿರಾಗಿರುವಾಗಲೇ ಕತ್ತಿನ ಬಳಿ ಬಾಗಿ ನೆಲಕ್ಕೆ ಬೀಳುತ್ತದೆ. ಮಡಿಯಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ನೂರಕ್ಕೆ 60-70 ಗಿಡಗಳು ತಾವಾಗಿಯೇ ಬಿದ್ದಾಗ ಕೀಳಬಹುದು. ಉಳಿದವು ಬೀಳುತ್ತಿಲ್ಲವೆಂದು ಕಾಲಿನಿಂದ ತುಳಿದು ಬೀಳಿಸುವವರಿದ್ದಾರೆ. ಹಾಗೆ ಮಾಡಿದರೆ ಕತ್ತು ಜಜ್ಜಿಹೋಗುತ್ತದೆಯೇ ಹೊರತು ಗಡ್ಡೆ ಮಾಗುವುದಿಲ್ಲ. ಕೀಳುವುದಕ್ಕೆ 10-15 ದಿನ ಮೊದಲೇ ನೀರು ನಿಲ್ಲಿಸಬೇಕು. ಯೂರಿಯಾ ಕೊಡುವ ಅಭ್ಯಾಸವಿದ್ದರೆ ಅದನ್ನು ಗಡ್ಡೆ ಕಟ್ಟುವ ಮುಂಚೆಯೇ ಮುಗಿಸಿಬಿಡಬೇಕು, ಏಕೆಂದರೆ ತಡವಾಗಿ ಕೊಟ್ಟ ಸಾರಜನಕದಿಂದ ಕತ್ತು ದಪ್ಪವಾಗುತ್ತದೆ, ದಪ್ಪ ಕತ್ತಿನ ಈರುಳ್ಳಿ ಎಷ್ಟು ಒಣಗಿಸಿದರೂ ಬಾಳುವುದಿಲ್ಲ.

ನಿಮ್ಮ ವಿಷಯದಲ್ಲಿ ಹಂಗಾಮಿನ ಪಾಲೂ ಇದೆ. ಮುಂಗಾರಿನ ಬೆಳೆ ಕೀಳುವ ಹೊತ್ತಿಗೆ ನೆಲದಲ್ಲಿ ತೇವ, ಗಾಳಿಯಲ್ಲಿಯೂ ತೇವ. ಸೊಪ್ಪು ಸರಿಯಾಗಿ ಬೀಳುವುದೇ ಇಲ್ಲ, ಗಡ್ಡೆಯ ಬಣ್ಣ ಮತ್ತು ಗಾತ್ರ ನೋಡಿಯೇ ಕೀಳಬೇಕಾಗುತ್ತದೆ. ಚಿತ್ರದುರ್ಗ, ಗದಗ, ಧಾರವಾಡದ ಕಡೆ ಮುಂಗಾರಿನ ಉಳ್ಳಾಗಡ್ಡಿಯನ್ನು ಕಿತ್ತ ಕೆಲವೇ ದಿನಗಳಲ್ಲಿ ಮಾರುಕಟ್ಟೆಗೆ ಸಾಗಿಸುವುದು ಈ ಕಾರಣಕ್ಕೇ. ಆ ಬೆಳೆಯನ್ನು ಒಂದೆರಡು ತಿಂಗಳಲ್ಲಿ ತಿಂದು ಮುಗಿಸುವ ಲೆಕ್ಕವಿಟ್ಟುಕೊಳ್ಳಿ. ಹೆಚ್ಚು ದಿನದ ದಾಸ್ತಾನು ಬೇಕಿದ್ದರೆ ಡಿಸೆಂಬರ್-ಜನವರಿಯಲ್ಲಿ ನಾಟಿ ಮಾಡಿ ಏಪ್ರಿಲ್ ಹೊತ್ತಿಗೆ ಕೀಳುವ ಬೆಳೆಯನ್ನೇ ನಂಬಬೇಕು. ಅದು ನಾಲ್ಕೈದು ತಿಂಗಳು ಸಲೀಸಾಗಿ ನಿಲ್ಲುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಅರ್ಕ ಕಲ್ಯಾಣ್ ಮುಂಗಾರಿಗೂ ಅರ್ಕ ನಿಕೇತನ್ ಹಿಂಗಾರಿಗೂ ಹೊಂದುತ್ತವೆ. ಕೂಡಿಡುವುದಕ್ಕೆ ನಾನು ಬೆಳೆಯುವುದು ಎರಡನೆಯದನ್ನು.

ಇನ್ನು ಒಣಗಿಸುವುದು. ಐದು ವರ್ಷಗಳ ಹಿಂದೆ ಏಪ್ರಿಲ್ ಕೊನೆಯಲ್ಲಿ ಕಿತ್ತ ಸುಮಾರು 40 ಕಿಲೋ ಈರುಳ್ಳಿಯನ್ನು ನಾನು ಸಿಮೆಂಟ್ ತಾರಸಿಯ ಮೇಲೆ ಹರವಿ, ಚೆನ್ನಾಗಿ ಒಣಗಲಿ ಎಂದು ಇಡೀ ದಿನದ ಬಿಸಿಲಿಗೆ ಬಿಟ್ಟು ಊರಿಗೆ ಹೋಗಿದ್ದೆ. ಮೂರನೆಯ ದಿನ ಬಂದು ನೋಡಿದರೆ ಮೇಲ್ಮೈಯಲ್ಲಿ ಬಿಳಿಚಿಕೊಂಡ ಮಚ್ಚೆಗಳಿದ್ದವು. ಅದುಮಿದರೆ ಬೇಯಿಸಿದ ಈರುಳ್ಳಿಯಂತೆ ಬೆರಳು ಒಳಕ್ಕೆ ಇಳಿಯುತ್ತಿತ್ತು. ಬಿಸಿಲಿಗೆ ಬೆಂದ ಆ ಜಾಗದಿಂದಲೇ ಕೊಳೆ ಶುರುವಾಯಿತು. ಈಗ ನಾನು ನಮ್ಮ ಕಡೆಯ ರೈತರು ಹೊಲದಲ್ಲಿ ಮಾಡುವಂತೆಯೇ ಮಾಡುತ್ತೇನೆ: ಕಿತ್ತ ಗಿಡಗಳನ್ನು ಸಾಲಾಗಿ ಮಲಗಿಸಿ, ಹಿಂದಿನ ಸಾಲಿನ ಗಡ್ಡೆಗಳ ಮೇಲೆ ಮುಂದಿನ ಸಾಲಿನ ಸೊಪ್ಪು ಬರುವಂತೆ ಹೊದಿಸಿ, ಮಣ್ಣಿನ ಮೇಲೆಯೇ ಮೂರರಿಂದ ಐದು ದಿನ ಬಿಡುತ್ತೇನೆ. ಆಗ ಗಡ್ಡೆಗೆ ಗಾಳಿ ಆಡುತ್ತದೆ, ಬಿಸಿಲೆಲ್ಲ ಸೊಪ್ಪಿಗೆ ಬೀಳುತ್ತದೆ. ಆಮೇಲೆ ಸೊಪ್ಪಿನ ಸಮೇತ ನೆರಳಿಗೆ ತಂದು, ಹಳೆಯ ಹಗ್ಗದ ಮಂಚದ ಮೇಲೆ ತೆಳುವಾಗಿ ಹರವಿ 10-15 ದಿನ ಬಿಡುತ್ತೇನೆ. ಮಳೆಯ ಮೋಡ ಕಂಡರೆ ಹೊಲದ ಭಾಗವನ್ನು ಬಿಟ್ಟು ನೇರ ಮಂಚಕ್ಕೇ ಬರಬೇಕು; ಟಾರ್ಪಾಲಿನ್ ಹೊದಿಸಿಟ್ಟರೆ ಒಳಗಿನ ಆವಿಯಲ್ಲಿ ಒಂದೇ ರಾತ್ರಿಗೆ ಕೆಡುತ್ತವೆ. ಮಣ್ಣು ಅಂಟಿದೆಯೆಂದು ತೊಳೆಯಲೇಬಾರದು, ಅದು ಒಣಗಿದ ಮೇಲೆ ತಾನಾಗಿ ಉದುರುತ್ತದೆ.

ಒಣಗಿದೆಯೇ ಎಂದು ನೋಡಲು ಕತ್ತನ್ನು ಗಡ್ಡೆಯ ಮೇಲ್ಭಾಗದಲ್ಲೇ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಹೊಸೆಯಿರಿ. ಒಳಗೆ ಏನಾದರೂ ಜಾರಿದಂತಾದರೆ ಇನ್ನೂ ಹಸಿಯಿದೆ; ಒಣ ಕಾಗದದಂತೆ ಚಪ್ಪಟೆಯಾಗಿ ಸರಸರ ಎಂದರೆ ಸಾಕು. ಆಗ ಮಾತ್ರ ಕತ್ತರಿ ಹಿಡಿದು, ಗಡ್ಡೆಯ ಮೇಲೆ ಎರಡರಿಂದ ಎರಡೂವರೆ ಸೆಂಟಿಮೀಟರ್ ಉಳಿಸಿ ಸೊಪ್ಪು ಕತ್ತರಿಸಿ. ಹೂವಿನ ದಂಟು ಬಂದವು, ಜೋಡಿ ಗಡ್ಡೆಗಳು, ದಪ್ಪ ಕತ್ತಿನವು, ಗುದ್ದಲಿ ತಾಗಿದವು ಇವುಗಳನ್ನು ಬೇರೆ ಬುಟ್ಟಿಗೆ ಹಾಕಿ ಅಡುಗೆಗೆ ಮೊದಲು ಬಳಸಬೇಕು. ಹೊರಸಿಪ್ಪೆಯನ್ನು ಚೆಂದಕ್ಕೆಂದು ಸುಲಿಯಬೇಡಿ.

ಸಾಂಬಾರ್ ಈರುಳ್ಳಿಯ ಲೆಕ್ಕ ಬೇರೆ. (ಚಿಕ್ಕಬಳ್ಳಾಪುರ, ಕೋಲಾರದ ಗುಲಾಬಿ ಈರುಳ್ಳಿಯನ್ನೂ ಜನ ಸಣ್ಣ ಈರುಳ್ಳಿ ಎನ್ನುತ್ತಾರೆ, ಅದು ಬೀಜದಿಂದ ಬರುವ ಒಂಟಿ ಗಡ್ಡೆ. ನಾನು ಹೇಳುತ್ತಿರುವುದು ಗಡ್ಡೆಯನ್ನೇ ನೆಟ್ಟರೆ ಗೊಂಚಲಾಗಿ ಒಡೆಯುವ ಜಾತಿಯನ್ನು.) ಇದು ನೆಟ್ಟ 65-75 ದಿನಗಳಿಗೇ ಮಾಗುತ್ತದೆ. ಜೂನ್‌ನಲ್ಲಿ ನೆಟ್ಟದ್ದನ್ನು ಆಗಸ್ಟ್ ಕೊನೆಗೆ ಕೀಳಬೇಕಿತ್ತು. ಅಕ್ಟೋಬರ್‌ವರೆಗೆ ಒದ್ದೆ ಮಣ್ಣಿನಲ್ಲಿ ಬಿಟ್ಟಿದ್ದರಿಂದ ಅವು ನೆಲದಲ್ಲೇ ಹೊಸ ಬೇರು ಬಿಡಲು ಶುರು ಮಾಡಿದ್ದಿರಬೇಕು. ಕಿತ್ತ ಮೇಲೆ ಗೊಂಚಲನ್ನು ಬಿಡಿಸಬಾರದು, ಹಸಿಯಿರುವಾಗ ಬಿಡಿಸಿದರೆ ಒಂದೊಂದು ಗಡ್ಡೆಯ ತಳದಲ್ಲೂ ಗಾಯವಾಗುತ್ತದೆ. ಸೊಪ್ಪನ್ನೂ ಕತ್ತರಿಸದೆ ಒಂದೊಂದು ಹಿಡಿಯಷ್ಟನ್ನು ಬಾಳೆನಾರಿನಿಂದ ಕಟ್ಟಿ ತೂಗುಹಾಕಿದರೆ ಒಣಗಿಸುವುದೂ ಕೂಡಿಡುವುದೂ ಒಂದೇ ಕೆಲಸದಲ್ಲಿ ಮುಗಿಯುತ್ತದೆ. ನಮ್ಮ ಅಜ್ಜಿ ಬಿತ್ತನೆಯ ಗೊಂಚಲುಗಳನ್ನು ಒಲೆಯ ಮೇಲಿನ ತೊಲೆಗೆ ಕಟ್ಟುತ್ತಿದ್ದರು. ಕತ್ತು ಸಣ್ಣದಾದ್ದರಿಂದ ಇವು ಬೇಗ ಒಣಗುತ್ತವೆ, ನನ್ನ ಅನುಭವದಲ್ಲಿ ದಪ್ಪ ಈರುಳ್ಳಿಗಿಂತ ಹೆಚ್ಚು ದಿನ ಬಾಳುತ್ತವೆ.

ಕೂಡಿಡುವ ಜಾಗದ ಬಗ್ಗೆ ಜನ ತಂಪು, ತಂಪು ಎಂದು ಹೇಳುವುದನ್ನು ನಾನು ಒಪ್ಪುವುದಿಲ್ಲ. ಈರುಳ್ಳಿ ಚೆನ್ನಾಗಿ ನಿಲ್ಲುವುದು ಸೊನ್ನೆ ಡಿಗ್ರಿಯ ಆಸುಪಾಸಿನ ಒಣ ಶೀತಲಗೃಹದಲ್ಲಿ, ಇಲ್ಲವೇ 25-30 ಡಿಗ್ರಿಯ ಒಣ ಸೆಕೆಯಲ್ಲಿ. ನಡುವಿನ 10-20 ಡಿಗ್ರಿಯಲ್ಲಿ ಅದು ಬೇಗ ಮೊಳೆಯುತ್ತದೆ. ಮನೆಯ ಫ್ರಿಜ್ ಸೊನ್ನೆಯಷ್ಟು ತಣ್ಣಗೂ ಇಲ್ಲ, ಒಣಗಿಯೂ ಇಲ್ಲ. ಆದ್ದರಿಂದ ನಮ್ಮ ಮನೆಗಳಿಗೆ ಗಾಳಿಯಾಡುವ ಬೆಚ್ಚನೆಯ ಮೂಲೆಯೇ ಸರಿ. ನಾನು ಬಿದಿರಿನ ಬುಟ್ಟಿಗಳಲ್ಲಿ ಒಂದಡಿಗಿಂತ ಎತ್ತರ ಬಾರದಂತೆ ತುಂಬಿ, ಬುಟ್ಟಿಗಳನ್ನು ಇಟ್ಟಿಗೆಯ ಮೇಲೆ ಇಡುತ್ತೇನೆ, ಏಕೆಂದರೆ ಕೆಳಗಿನಿಂದಲೂ ಗಾಳಿ ಬರಬೇಕು. ಜಾಳಿಗೆ ಚೀಲದಲ್ಲಿ ತೂಗುಹಾಕಿದರೂ ಆಗುತ್ತದೆ. ಪ್ಲಾಸ್ಟಿಕ್ ಚೀಲ ಬೇಡ, ಆಲೂಗಡ್ಡೆಯ ಪಕ್ಕ ಬೇಡ, ಕುಕ್ಕರಿನ ಆವಿ ತಾಗುವ ಕಪಾಟೂ ಬೇಡ.

ವಾರಕ್ಕೊಮ್ಮೆ ಬುಟ್ಟಿಯನ್ನು ಮೊರಕ್ಕೆ ಸುರಿದು ನೋಡಿ. ಸಿಪ್ಪೆಯ ಕೆಳಗೆ ಮಸಿಯಂಥ ಕಪ್ಪು ಪುಡಿ ಕಂಡರೆ ಅದು ಬೂಷ್ಟು, ಹಾಗಿರುವುದನ್ನು ತೆಗೆದುಹಾಕಿ. ಕತ್ತಿನ ಬಳಿ ಮೆತ್ತಗಾಗಿ ವಾಸನೆ ಬಂದರೆ ಪಕ್ಕದವುಗಳನ್ನೂ ಅದುಮಿ ನೋಡಿ. ಮೊಳೆತವನ್ನು ಮಾತ್ರ ಎಸೆಯಬೇಡಿ. ಗಟ್ಟಿಯಾಗಿದ್ದರೆ ಅಡುಗೆಗೆ ಬರುತ್ತವೆ, ಇಲ್ಲವೇ ಕುಂಡದಲ್ಲಿ ಊರಿದರೆ ಎರಡು ವಾರದಲ್ಲಿ ಉಪ್ಪಿಟ್ಟಿಗೆ ಸೊಪ್ಪು ಸಿಗುತ್ತದೆ. ಸಾಂಬಾರ್ ಈರುಳ್ಳಿಯಲ್ಲಿ ಮೊಳೆಯಲು ಶುರುವಾದ ಗಟ್ಟಿ ಗಡ್ಡೆಗಳೇ ನಿಮ್ಮ ಮುಂದಿನ ಬಿತ್ತನೆ. ಅವುಗಳನ್ನು ಬಿಡಿಸಿ ಕೈಯಗಲದ ಅಂತರದಲ್ಲಿ, ತುದಿ ಮಣ್ಣಿನ ಮೇಲೆ ಕಾಣುವಂತೆ ಊರಿ.