ಪುಡಿ ಡಬಲ್ ಮಾಡಬೇಡಿ, ಮೊದಲು ವಿಷ ನಿಲ್ಲಿಸಿ

ಅಣ್ಣಾ, ಉಗ್ರಾಣದಲ್ಲಿ ಇಲಿ ವಿಷದ ಪುಡಿ ಜಿಂಕ್ ಫಾಸ್ಫೈಡ್ ಕಲಸಿಟ್ಟೆ, ಮೊದಲ ರಾತ್ರಿ ಮೂರು ಇಲಿ ಬಿದ್ದವು, ಆಮೇಲೆ ಒಂದೂ ಮುಟ್ಟುತ್ತಿಲ್ಲ, ಇವತ್ತು ಪುಡಿ ಡಬಲ್ ಹಾಕ್ತೀನಿ ಅಂತ ಬರೆದಿದ್ದೀರಲ್ಲ, ದಯವಿಟ್ಟು ಬೇಡ. ಇದೇ ತಪ್ಪು ಮಾಡಿ ನಾನು ಒಂದು ಹಂಗಾಮಿನ ಬಿತ್ತನೆ ಕಾಳು ಕಳೆದುಕೊಂಡಿದ್ದೇನೆ.

ನಿಮ್ಮ ಪುಡಿ ನಕಲಿ ಅಲ್ಲ. ಅದು ಹೊಟ್ಟೆಯ ಆಮ್ಲಕ್ಕೆ ಸೇರಿದಾಗ ಫಾಸ್ಫೀನ್ ಅನಿಲ ಹುಟ್ಟುತ್ತೆ, ಕೊಲ್ಲೋದು ಆ ಅನಿಲ. ಗಂಟೆಗಳಲ್ಲೇ ಕೆಲಸ ಮುಗಿಯುತ್ತೆ, ತೊಂದರೆ ಇರೋದೂ ಅಲ್ಲೇ. ಇಲಿಗೆ ವಾಂತಿ ಮಾಡೋಕೆ ಬರಲ್ಲ. ಅದಕ್ಕೇ ಹೊಸದೇನು ಕಂಡರೂ ಮೊದಲು ಚೂರೇ ಚೂರು ಕಡಿದು ನೋಡುತ್ತೆ. ಆ ಚೂರಿಗೇ ಹೊಟ್ಟೆ ಕೆಟ್ಟು, ಸಾಯದೆ ಉಳಿದುಕೊಂಡರೆ ಆ ರುಚಿಯನ್ನ ವಾರಗಟ್ಟಲೆ, ಎಷ್ಟೋ ಸಲ ತಿಂಗಳುಗಟ್ಟಲೆ ಮರೆಯಲ್ಲ. ಪುಡಿ ಜಾಸ್ತಿ ಆದಷ್ಟೂ ಆ ಬೆಳ್ಳುಳ್ಳಿಯಂಥ ವಾಸನೆ ಜಾಸ್ತಿ, ಇಲಿ ಇನ್ನೂ ದೂರ.

ನಾನು ಡಬಲ್ ಹಾಕಿದ ಮರುದಿನ ಬೆಳಿಗ್ಗೆ ಟಾರ್ಚ್ ಹಿಡಿದು ಹೋಗಿ ನೋಡಿದೆ. ಎಂಟು ಗುಡ್ಡೆ ಇಟ್ಟಿದ್ದೆ, ಎಂಟೂ ಹಾಗೇ ಇದ್ದವು. ನೆಲದ ಧೂಳಿನಲ್ಲಿ ಹೆಜ್ಜೆ ಗುರುತು ಗುಡ್ಡೆಯ ಹತ್ತಿರ ಬಂದು, ಸುತ್ತು ಹಾಕಿ, ನೇರ ಕಾಳಿನ ಚೀಲಕ್ಕೆ ಹೋಗಿತ್ತು. ಸರಿ, ಔಷಧಿ ಬದಲಾಯಿಸೋಣ ಅಂತ ಬ್ರೋಮಾಡಿಯೋಲೋನ್ ಅನ್ನೋ, ನಿಧಾನಕ್ಕೆ ಕೊಲ್ಲೋ ಇನ್ನೊಂದು ಇಲಿ ವಿಷ ತಂದು ಅದೇ ನುಚ್ಚು, ಅದೇ ಎಣ್ಣೆಯಲ್ಲಿ ಕಲಸಿದೆ. ಅದನ್ನೂ ಮುಟ್ಟಲಿಲ್ಲ! ಅವುಗಳ ನೆನಪಲ್ಲಿ ಕೂತಿದ್ದು ಆ ನುಚ್ಚು, ಎಣ್ಣೆಯ ರುಚಿ. ಇದು ಅರ್ಥ ಆಗೋಕೆ ನನಗೆ ಎರಡು ತಿಂಗಳು ಬೇಕಾಯಿತು.

ಈಗ ನೀವು ಮಾಡಬೇಕಾದ್ದು ಇಷ್ಟು. ಇಟ್ಟಿದ್ದನ್ನೆಲ್ಲ ಕೈಗವಸು ಹಾಕಿ ಎತ್ತಿ ಆಳಕ್ಕೆ ಹೂಳಿ. ಎರಡು ವಾರ ಏನೂ ಇಡಬೇಡಿ. ಆಮೇಲೆ ಬ್ರೋಮಾಡಿಯೋಲೋನ್ ಕೇಕ್ ಇಡಿ, ಇಲ್ಲಾ ಅದೇ ಬ್ರೋಮಾಡಿಯೋಲೋನನ್ನ ಬೇರೆ ಕಾಳು, ಬೇರೆ ಜಿಡ್ಡಿನಲ್ಲಿ ಕಲಸಿ. ಗೋಡೆಯ ಬುಡದಲ್ಲೇ ಇಡಿ, ಇಲಿ ಗೋಡೆ ಸವರಿಕೊಂಡೇ ಓಡೋದು. ವಿಷ ಇಟ್ಟ ಪೆಟ್ಟಿಗೆಯನ್ನ ದಿನಾ ಜರುಗಿಸಬೇಡಿ, ಜಾಗ ಬದಲಾದರೆ ಅವಕ್ಕೆ ಮತ್ತೆ ಅನುಮಾನ.

ಇಲ್ಲಿ ಎರಡನೇ ತಪ್ಪು ಶುರುವಾಗುತ್ತೆ. ಮೂರು ದಿನಕ್ಕೆ ಹೆಣ ಕಾಣಲಿಲ್ಲ ಅಂತ ಕಂಪನಿಯನ್ನ ಬೈದು ನಿಲ್ಲಿಸಿಬಿಡ್ತಾರೆ. ಬ್ರೋಮಾಡಿಯೋಲೋನ್ ಜಾತಿಯ ವಿಷ, ರಕ್ತ ಹೆಪ್ಪುಗಟ್ಟೋಕೆ ಬೇಕಾದ ವಿಟಮಿನ್ ಕೆ ಮರುಬಳಕೆ ಆಗೋ ದಾರಿ ಮುಚ್ಚುತ್ತೆ. ರಕ್ತ ಹೆಪ್ಪುಗಟ್ಟಿಸೋ ಅಂಶ ಮೈಯಲ್ಲಿ ಇರೋದು ಮುಗಿಯೋವರೆಗೆ ಇಲಿ ಆರಾಮಾಗಿ ಓಡಾಡಿಕೊಂಡು, ಮತ್ತೆ ಬಂದು ತಿಂದು, ನಾಲ್ಕೈದು ದಿನದ ಮೇಲೆ ಒಳಗೇ ರಕ್ತ ಸುರಿದು ಸಾಯುತ್ತೆ. ತಿಂದದ್ದಕ್ಕೂ ನೋವಿಗೂ ಸಂಬಂಧ ಅದಕ್ಕೆ ತಿಳಿಯಲ್ಲ, ಅದಕ್ಕೇ ಹೆದರಲ್ಲ. ಹಳೆಯ ವಾರ್ಫರಿನ್ ಕೂಡ ಇದೇ ಜಾತಿ, ಬೂಸ್ಟು ಹಿಡಿದ ಹುಲ್ಲು ತಿಂದ ದನಗಳು ರಕ್ತ ಸೋರಿ ಸತ್ತದ್ದರಿಂದ ಸಿಕ್ಕ ಸುಳಿವು ಅದು. ಆದರೆ 1958ರಲ್ಲೇ ಸ್ಕಾಟ್ಲೆಂಡಿನಲ್ಲಿ ಅದಕ್ಕೆ ಜಗ್ಗದ ಇಲಿಗಳು ಕಂಡವು, ಜೊತೆಗೆ ವಾರ್ಫರಿನ್ನನ್ನ ಇಲಿಗೆ ದಿನಾ ತಿನ್ನಿಸಬೇಕು.

ಇಲ್ಲಿ ಯಾವ ಬ್ರ್ಯಾಂಡ್ ಒಳ್ಳೇದು ಅಂತ ಕೇಳಿದವರಿಗೆ: ಡಬ್ಬಿಯ ಚಿತ್ರ ಬಿಡಿ, ಲೇಬಲ್ ಓದಿ. 0.005% ಬ್ರೋಮಾಡಿಯೋಲೋನ್ ಅಂತಿದ್ದರೆ ದುಬಾರಿಯದ್ದೂ ಅಗ್ಗದ್ದೂ ಒಂದೇ ವಿಷ. ಕೇಕ್ ತಾಜಾ ಇರಬೇಕು, ಕಮಟು ಹೊಡೆದದ್ದನ್ನ ಇಲಿ ಮೂಸಲ್ಲ. ಇದೇ ಚರ್ಚೆಯಲ್ಲಿ ಮೇಲೆ ಯಾರೋ ಇಲಿಗೆ ಹಳದಿ ರಂಜಕದ (ಯೆಲ್ಲೋ ಫಾಸ್ಫರಸ್) ಪೇಸ್ಟ್ ಇಡಿ ಅಂತ ಹೇಳಿದ್ದಾರೆ. ಮಕ್ಕಳಿರೋ ಮನೆಗೆ ಅದನ್ನ ತರಲೇಬೇಡಿ. ಲಿವರ್ ಸುಟ್ಟುಬಿಡುತ್ತೆ, ಅದಕ್ಕೆಂದೇ ಇರೋ ಪ್ರತಿವಿಷ ಇಲ್ಲ. ಜಿಂಕ್ ಫಾಸ್ಫೈಡ್‌ಗೂ ಇಲ್ಲ, ಹಾಗಿದ್ದೂ ಬರಿಗೈಯಲ್ಲಿ ಕಲಸಿದ ಫೋಟೋ ಹಾಕಿದ್ದೀರಿ! ಒದ್ದೆ ತಗುಲಿದರೂ ಅನಿಲ ಬಿಡುತ್ತೆ, ಮುಚ್ಚಿದ ಕೋಣೆಯಲ್ಲಿ, ಅಡುಗೆ ಪಾತ್ರೆಯಲ್ಲಿ ಕಲಸೋದು ಈಗಲೇ ನಿಲ್ಲಿಸಿ.

ಬ್ರೋಮಾಡಿಯೋಲೋನ್‌ಗೆ ಪ್ರತಿವಿಷವಾಗಿ ವಿಟಮಿನ್ ಕೆ1 ಇದೆ, ಆದರೆ ವಾರಗಟ್ಟಲೆ ಕೊಡಬೇಕಾಗುತ್ತೆ. ನಾಯಿ ಕೇಕ್ ಕಡಿದಿದ್ದರೆ ರಕ್ತ ಕಾಣಲಿ ಅಂತ ಕಾಯದೆ ಪೊಟ್ಟಣದ ಸಮೇತ ವೈದ್ಯರ ಹತ್ತಿರ ಓಡಿ. ಈ ವಿಷ ಇಲಿಯ ಲಿವರಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ, ಸತ್ತ ಇಲಿ ತಿಂದ ಬೆಕ್ಕು, ಗೂಬೆಗೂ ಹೋಗುತ್ತೆ. ನಮ್ಮ ಪರವಾಗಿ ರಾತ್ರಿಯಿಡೀ ದುಡಿಯೋದು ಗೂಬೆ, ಅದನ್ನ ಸಾಯಿಸಬೇಡಿ. ದಿನಾ ಬೆಳಿಗ್ಗೆ ಹೆಣ ಹುಡುಕಿ ಹೂಳಿ.

ಮುಂದೆ ಯಾವತ್ತಾದರೂ ಮತ್ತೆ ಜಿಂಕ್ ಫಾಸ್ಫೈಡ್ ಬಳಸೋದಾದರೆ ಮೂರು ರಾತ್ರಿ ವಿಷವಿಲ್ಲದ ನುಚ್ಚು ಇಡಿ, ಅದೇ ಜಾಗ, ಅದೇ ಎಣ್ಣೆ. ಗುಡ್ಡೆ ಪೂರ್ತಿ ಖಾಲಿ ಆಗ್ತಿದೆ ಅಂತ ಕಂಡ ಮೇಲೆ ನಾಲ್ಕನೇ ರಾತ್ರಿ ಲೇಬಲ್ ಅಳತೆಯಷ್ಟೇ ಕಲಸಿ, ಬೆಳಿಗ್ಗೆ ಉಳಿದದ್ದನ್ನ ಎತ್ತಿಬಿಡಿ. ಆ ಪುಡಿಯ ವಿಷಯದಲ್ಲಿ ಇದನ್ನ ಬಿಟ್ಟು ಬೇರೆ ದಾರಿ ನನಗೆ ಫಲ ಕೊಟ್ಟಿಲ್ಲ. ಹಾಂ, ಆ ಫೋಟೋದಲ್ಲೇ ಬಾಗಿಲ ಕೆಳಗಿನ ಸಂದು ಕಾಣ್ತಿದೆ. ಹೆಬ್ಬೆರಳು ತೂರಿದರೆ ಇಲಿಯೂ ತೂರುತ್ತೆ. ಇವತ್ತೇ ತಗಡು ಹೊಡೆಸಿ, ಚೀಲಗಳನ್ನ ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದಿಡಿ.