ಬಿದಿರು ಫ್ರೇಮಿನಿಂದ ಉದುರುವ ಹಳದಿ ಪುಡಿ

ಪ್ರಶ್ನೆ: ಏಪ್ರಿಲ್‌ನಲ್ಲಿ ತೋಟದ ಬದಿಯ ಮೆಳೆಯಿಂದ ಬಿದಿರು ಕಡಿದು, ತಾತನ ಫೋಟೋಗೆ ನಾನೇ ಫ್ರೇಮ್ ಮಾಡಿದೆ. ಈಗ ಅದರ ಮೂಲೆ ಬಿಟ್ಟುಕೊಂಡಿದೆ, ಕೆಳಗೆ ದಿನಾ ಹಳದಿ ಪುಡಿ ಬೀಳುತ್ತದೆ. ವಾರ್ನಿಷ್ ಹೊಡೆದರೆ ಸರಿಹೋಗುತ್ತದಾ?
– ಓದುಗರು, ಸೋಮವಾರಪೇಟೆ

ಉತ್ತರ: ಇಲ್ಲ, ಹುಳು ಒಳಗೇ ಇದೆ. ಆ ಪುಡಿ ಕುಟ್ಟೆ ಹುಳುವಿನದು. ಫೋಟೋ ಬಿಚ್ಚಿ ಜೋಪಾನ ಮಾಡಿ, ಫ್ರೇಮನ್ನು ಒಲೆಗೆ ಹಾಕಿಬಿಡಿ. ಕೈಯಾರೆ ಮಾಡಿದ್ದು, ಬೇಜಾರಾಗುತ್ತದೆ, ಆದರೆ ಇಟ್ಟುಕೊಂಡರೆ ಮನೆಯ ಬುಟ್ಟಿ, ಮೊರಕ್ಕೂ ಹರಡಬಹುದು.

ತಪ್ಪಾಗಿದ್ದು ಕಡಿದ ಕಾಲದಲ್ಲಿ. ಬೇಸಿಗೆಯಲ್ಲಿ ಬಿದಿರು ಒಣಗಿದಂತೆ ಕಾಣುತ್ತದೆ ಅಲ್ವಾ, ಆದರೆ ಮಳೆ ಹಿಡಿದ ಮೇಲೆ ಕಣಿಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಏಳಬೇಕಲ್ಲ, ನಾವು ಬೈಂಬಳೆ ಕರಿ ಮಾಡುವ ಅದೇ ಕಣಿಲೆ, ಅದಕ್ಕೆ ಬೇಕಾದ ಪಿಷ್ಟವನ್ನೆಲ್ಲ ಮೆಳೆ ಆಗ ಕೂಡಿಟ್ಟುಕೊಂಡಿರುತ್ತದೆ. ಹುಳುವಿಗೆ ಬೇಕಾಗಿರುವುದು ಆ ಪಿಷ್ಟವೇ. ಕಣಿಲೆ ಎದ್ದು ಬೆಳೆದ ಮೇಲೆ ಅದು ಕಡಿಮೆಯಾಗುತ್ತದೆ, ಹಾಗಾಗಿ ಮಳೆ ನಿಂತ ಮೇಲೆ, ನವೆಂಬರ್-ಡಿಸೆಂಬರ್‌ನಲ್ಲಿ ಕಡಿಯಿರಿ.

ಎಳೆಯದನ್ನು ಮುಟ್ಟಬೇಡಿ. ಹೊಳೆಯುವ ಹಸಿರು, ಗೆಣ್ಣಿನ ಹತ್ತಿರ ಬಿಳಿ ಪುಡಿ, ಸಿಪ್ಪೆ ಅಂಟಿಕೊಂಡಿದ್ದರೆ ಅದು ಎಳೆಯದು, ಒಣಗುವಾಗ ಜಾಸ್ತಿ ಕುಗ್ಗಿ ಮೂಲೆ ಬಿಡಿಸುತ್ತದೆ. 3-4 ವರ್ಷದ್ದು ಮಂಕಾಗಿರುತ್ತದೆ, ಮೇಲೆ ಕಲೆ ಬಂದಿರುತ್ತದೆ, ಕತ್ತಿ ಹಿಡಿಯಿಂದ ತಟ್ಟಿದರೆ ಗಟ್ಟಿ ಸದ್ದು ಬರುತ್ತದೆ.

ಹಸಿಯಿರುವಾಗಲೇ ಸೀಳಿ ದಬ್ಬೆ ಮಾಡಿ. 1 ಲೀಟರ್ ನೀರಿಗೆ 30 ಗ್ರಾಂ ಬಿಳಿಗಾರ (ಬೋರಾಕ್ಸ್), 20 ಗ್ರಾಂ ಬೋರಿಕ್ ಪೌಡರ್ ಕರಗಿಸಿ ದಬ್ಬೆಗಳನ್ನು ಒಂದು ವಾರ ಮುಳುಗಿಸಿಡಿ. ಕೈಗೆ ಗ್ಲೌಸ್ ಇರಲಿ, ಮಕ್ಕಳು, ನಾಯಿ ಹತ್ತಿರ ಬರದಂತೆ ನೋಡಿಕೊಳ್ಳಿ. ಆಮೇಲೆ ಗಾಳಿಯಾಡುವ ನೆರಳಲ್ಲಿ ಒಂದು ತಿಂಗಳಾದರೂ ಒಣಗಲಿ. ಬಿಸಿಲಿಗೆ ಹಾಕಿದರೆ ಬಿರುಕು ಬಿಡುತ್ತದೆ.

ಮೂಲೆಗೆ ಸುಮ್ನೆ ಮೊಳೆ ಹೊಡೆಯಬೇಡಿ, ಬಿದಿರು ಉದ್ದಕ್ಕೆ ಸೀಳಿಹೋಗುತ್ತದೆ. ಸಣ್ಣ ಡ್ರಿಲ್‌ನಿಂದ ಮೊದಲು ತೂತು ಮಾಡಿಕೊಳ್ಳಿ. ನನ್ನನ್ನು ಕೇಳಿದರೆ ದಬ್ಬೆಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟು, ನೆನೆಸಿದ ಬೆತ್ತದ ಸಿಪ್ಪೆಯಲ್ಲಿ ಬಿಗಿದು ಕಟ್ಟುವುದೇ ಚೆಂದ, ಒಣಗಿದಂತೆ ಇನ್ನೂ ಬಿಗಿಯುತ್ತದೆ. ವಾರ್ನಿಷ್ ಬೇಕಿದ್ದರೆ ಇದೆಲ್ಲ ಮುಗಿದ ಮೇಲೆ.

ಇನ್ನೊಂದು ಮಾತು. ಜೂನ್‌ನಿಂದ ನಮ್ಮ ಕಡೆ ಗೋಡೆಗಳು ಎಷ್ಟು ತೇವ ಹಿಡಿಯುತ್ತವೆ, ನಿಮಗೇ ಗೊತ್ತು. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬೆರಳು ದಪ್ಪದ ಬಿದಿರು ತುಂಡು ಅಂಟಿಸಿ ಗೋಡೆಯಿಂದ ದೂರ ನಿಲ್ಲಿಸಿ. ಗಾಜಿಗೂ ಫೋಟೋಗೂ ಮಧ್ಯೆ ಸುತ್ತಲೂ ದಪ್ಪ ಕಾಗದದ ಅಂಚು ಕೊಡಿ, ಇಲ್ಲದಿದ್ದರೆ ಮಳೆಗಾಲದಲ್ಲಿ ತಾತನ ಫೋಟೋ ಗಾಜಿಗೇ ಅಂಟಿಕೊಳ್ಳುತ್ತದೆ.