ಓದುಗರ ಓಲೆ: ಸಿಂಹಾಸನದ ಮೇಲೊಬ್ಬರು, ಪಕ್ಕದಲ್ಲೊಬ್ಬರು

ಪ್ರಶ್ನೆ: ಹೈದರಾಲಿಗೆ ದಂಡೂ ಇತ್ತು, ಬೊಕ್ಕಸವೂ ಇತ್ತು. ಆದರೂ ಅವನು ಮೈಸೂರಿನ ರಾಜ ಎಂದು ಕರೆಸಿಕೊಳ್ಳಲಿಲ್ಲ ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ. ಯಾಕೆ? ದಳವಾಯಿ, ಸರ್ವಾಧಿಕಾರಿ, ದಿವಾನ್ ಮೂರೂ ಒಂದೇ ಹುದ್ದೆಯೇ?
– ಒಬ್ಬ ಓದುಗರು, ಪಾಂಡವಪುರ

ಉತ್ತರ: ಮೇಷ್ಟ್ರು ಹೇಳಿದ್ದು ಸರಿ. ಆದರೆ ಹೈದರನಿಂದ ಶುರು ಮಾಡಿದರೆ ಅರ್ಧ ಕತೆ ಕೈಬಿಟ್ಟು ಹೋಗುತ್ತದೆ. ಅವನು ಬರುವ ಹೊತ್ತಿಗಾಗಲೇ ಶ್ರೀರಂಗಪಟ್ಟಣದಲ್ಲಿ ದೊರೆ ಹೆಸರಿಗಷ್ಟೇ ದೊರೆ. ನಂಜನಗೂಡಿನ ಹತ್ತಿರದ ಕಳಲೆ ಮನೆತನದವರು ದಳವಾಯಿಗಳಾಗಿ, ಅಂದರೆ ದಂಡಿನ ಯಜಮಾನರಾಗಿ, ಎಲ್ಲವನ್ನೂ ನಡೆಸುತ್ತಿದ್ದರು. ತಮ್ಮ ಮಾತಿಗೆ ಒಗ್ಗದ ಚಾಮರಾಜ ಒಡೆಯರನ್ನು ಪಟ್ಟದಿಂದಿಳಿಸಿ ಕಬ್ಬಾಳದುರ್ಗಕ್ಕೆ ಅಟ್ಟಿದವರು ಇವರೇ. ಆ ದೊರೆ 1734ರಲ್ಲಿ ದುರ್ಗದಲ್ಲೇ ತೀರಿಕೊಂಡರು. ಸಾತನೂರಿನ ಕಡೆ ಹೋದಾಗ ಆ ಬೋಳು ಬಂಡೆಯನ್ನು ಒಮ್ಮೆ ನೋಡಿ. ಅಲ್ಲಿಗೆ ಕಳಿಸಿದರೆಂದರೆ ಏನರ್ಥ ಎಂದು ವಿವರಿಸಬೇಕಾಗಿಲ್ಲ.

ನಾನು ಪಾಠ ಮಾಡುವಾಗ ಹುಡುಗರನ್ನು ಇಲ್ಲೇ ನಿಲ್ಲಿಸುತ್ತಿದ್ದೆ. ದೊರೆಯನ್ನು ಇಳಿಸುವಷ್ಟು ತಾಕತ್ತಿದ್ದವರು ತಾವೇ ಏಕೆ ಕೂರಲಿಲ್ಲ? ಕೂರಲಿಲ್ಲ, ಇನ್ನೊಬ್ಬ ಚಿಕ್ಕ ಹುಡುಗನನ್ನು ತಂದು ಕೂರಿಸಿದರು. ಅವರೇ ಇಮ್ಮಡಿ ಕೃಷ್ಣರಾಜ ಒಡೆಯರು.

1761ರಲ್ಲಿ ಹೈದರ ಕಾಲಿಟ್ಟಿದ್ದು ಈ ಸಿದ್ಧ ಜಾಗಕ್ಕೆ. ಎದುರು ನಿಂತ ಪ್ರಧಾನ ಖಂಡೇರಾಯನನ್ನು ಗಿಣಿಯ ಹಾಗೆ ಸಾಕುತ್ತೇನೆಂದು ಮಾತು ಕೊಟ್ಟು, ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿದ ಎಂಬ ಕತೆ ನಿಮಗೆ ಗೊತ್ತಿರಬಹುದು. ಅದಕ್ಕಿಂತ ನನಗೆ ಮುಖ್ಯವೆನಿಸುವುದು 1776ರ ಇನ್ನೊಂದು ಪ್ರಸಂಗ. ಆಗ ಪಟ್ಟದಲ್ಲಿದ್ದ ಇಮ್ಮಡಿಯವರ ಮಗ ಚಾಮರಾಜರು ಮಕ್ಕಳಿಲ್ಲದೆ ತೀರಿಕೊಂಡರು. ಹೈದರ ಆಗಲಾದರೂ ಸುಮ್ಮನಿರಬಹುದಿತ್ತಲ್ಲ? ಇಲ್ಲ. ರಾಜವಂಶದ ಮಕ್ಕಳನ್ನೆಲ್ಲ ಸೇರಿಸಿ, ಮುಂದೆ ಆಟದ ಸಾಮಾನು, ತಿಂಡಿ, ಹಣ್ಣು ಹರಡಿಸಿದನಂತೆ. ಅರಿಕುಠಾರದ ಶಾಖೆಯ ಒಂದು ಮಗು ಬಲಗೈಯಲ್ಲಿ ಪುಟ್ಟ ಕಠಾರಿ, ಎಡಗೈಯಲ್ಲಿ ನಿಂಬೆಹಣ್ಣು ಹಿಡಿಯಿತು. ಇವನೇ ರಾಜ ಎಂದನಂತೆ ಹೈದರ. ಇದನ್ನು ಬರೆದಿಟ್ಟವನು ಮೈಸೂರಿನ ಚರಿತ್ರೆ ಬರೆದ ಬ್ರಿಟಿಷ್ ಅಧಿಕಾರಿ ಕರ್ನಲ್ ವಿಲ್ಕ್ಸ್. ಸ್ವಲ್ಪ ಉಪ್ಪುಖಾರ ಹಚ್ಚಿರಲೂಬಹುದು. ಮಗುವನ್ನು ಆರಿಸಿ ಕೂರಿಸಿದ್ದಂತೂ ನಿಜ. ಅರಿಕುಠಾರ ಆಮೇಲೆ ಚಾಮರಾಜನಗರವಾದದ್ದು ಇದೇ ಮಗುವಿನ ಹೆಸರಿನಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ಇವರ ಮಗ.

ಕಾರಣ ಏನು ಅಂತೀರಾ? ಪಾಳೆಯಗಾರ ಕಪ್ಪ ಕಟ್ಟುವುದು, ದೇವಸ್ಥಾನದ ಮಾನ್ಯ ನಡೆಯುವುದು, ನವರಾತ್ರಿಯಲ್ಲಿ ಊರ ಗೌಡರು ಬಂದು ಕೈಮುಗಿಯುವುದು, ಎಲ್ಲವೂ ಒಡೆಯರ ಹೆಸರಿನಲ್ಲಿ. ಆ ಹೆಸರನ್ನು ಅಳಿಸಿದರೆ ಪ್ರತಿ ಊರಿನಲ್ಲೂ ಹೊಸದಾಗಿ ಒಪ್ಪಿಗೆ ಗಳಿಸಬೇಕು. ಕುದುರೆ ಸವಾರನಿಂದ ಮೇಲೆ ಬಂದವನಿಗೆ ಆ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಹೊರಗಿನವರಿಗೆ ಅವನು ನವಾಬ, ಶಿರಾದ ನವಾಬಗಿರಿ ಹೈದರಾಬಾದ್ ನಿಜಾಮನ ಸೋದರ ಬಸಾಲತ್ ಜಂಗ್ ಕೊಟ್ಟದ್ದು, ಒಳಗಿನವರಿಗೆ ಸರ್ವಾಧಿಕಾರಿ. ಸ್ನೇಹಿತರೊಬ್ಬರ ಸಂಗ್ರಹದಲ್ಲಿ ಅವನ ಬಹದ್ದೂರಿ ಹೊನ್ನನ್ನು ಅಂಗೈಯಲ್ಲಿಟ್ಟು ನೋಡಿದ್ದೇನೆ. ಬೆರಳುಗುರಿನಷ್ಟು ಚಿನ್ನ. ಒಂದು ಮುಖದಲ್ಲಿ ಶಿವಪಾರ್ವತಿಯರು ಕೂತಿದ್ದಾರೆ. ಮಗುಚಿದರೆ ಒಂದೇ ಒಂದು ಫಾರ್ಸಿ ಅಕ್ಷರ, ಹೈದರನ ‘ಹೇ’. ಹೆಸರು ಪೂರ್ತಿ ಬರೆಸಲಿಲ್ಲ ನೋಡಿ!

ಟಿಪ್ಪು ಈ ಏರ್ಪಾಟನ್ನು ಮುರಿದ. ತಾನೇ ಪಾದಶಾಹ ಎಂದು ಸಾರಿಕೊಂಡ. 1796ರಲ್ಲಿ ಆ ಕಠಾರಿಯ ಹುಡುಗ, ಖಾಸಾ ಚಾಮರಾಜರು, ತೀರಿಕೊಂಡ ಮೇಲೆ ಯಾರನ್ನೂ ಪಟ್ಟಕ್ಕೆ ಕೂರಿಸಲೇ ಇಲ್ಲ. ಒಡೆಯರ ಹೆಸರು ಬೇಡವೆಂದ ಮೇಲೆ ಇನ್ನೊಂದು ಕಡೆಯಿಂದ ಮನ್ನಣೆ ಬೇಕಲ್ಲ, ಅದಕ್ಕೇ ಇಸ್ತಾಂಬುಲಿನ ಸುಲ್ತಾನನ ಬಳಿಗೆ ರಾಯಭಾರ ಹೋದದ್ದು ಎಂದು ನನ್ನ ಎಣಿಕೆ.

ಮೂರೂ ಒಂದೇ ಹುದ್ದೆಯಲ್ಲ. ದಳವಾಯಿ ದಂಡಿನವನು, ಸರ್ವಾಧಿಕಾರಿ ಎಲ್ಲದರ ಮೇಲುಸ್ತುವಾರಿಯವನು. ದಿವಾನ್ ಮೊಘಲರ ಲೆಕ್ಕದಲ್ಲಿ ಕಂದಾಯದವನು. ನಮ್ಮಲ್ಲಿ 1799ರಲ್ಲಿ ಪೂರ್ಣಯ್ಯನವರಿಂದ ಮುಂದಕ್ಕೆ ಇಡೀ ಆಡಳಿತದ ಹಿರಿಯ. ಹೈದರ್, ಟಿಪ್ಪು, ಒಡೆಯರು ಮೂವರ ಬಳಿಯೂ ಕೆಲಸ ಮಾಡಿ ಯಳಂದೂರು ಜಹಗೀರು ಪಡೆದು ನೆಮ್ಮದಿಯಾಗಿ ನಿವೃತ್ತರಾದವರು ಅವರು. ಅಂಥ ಚಾಣಾಕ್ಷ ಇನ್ನೊಬ್ಬರಿಲ್ಲ.

ಪ್ರಶ್ನೆ: ಪೇಶ್ವೆ, ಶೋಗನ್, ನೇಪಾಳದ ರಾಣಾ, ಇವರು ರಾಜರೋ ಮಂತ್ರಿಗಳೋ? ಕೆಎಎಸ್ ಪರೀಕ್ಷೆಯಲ್ಲಿ ಏನು ಬರೆಯಲಿ?
– ಒಬ್ಬ ಅಭ್ಯರ್ಥಿ, ಕುವೆಂಪುನಗರ, ಮೈಸೂರು

ಉತ್ತರ: ಪರೀಕ್ಷೆಗಾದರೆ ಪೇಶ್ವೆ ಪ್ರಧಾನಮಂತ್ರಿ, ಶೋಗನ್ ಸೇನಾಧಿಪತಿ, ರಾಣಾ ಪ್ರಧಾನಮಂತ್ರಿ ಎಂದು ಬರೆದು ಬನ್ನಿ. ಉಳಿದದ್ದನ್ನು ಮನೆಗೆ ಬಂದು ಓದಿ.

ಮೇಲಿನ ಪಾಂಡವಪುರದ ಉತ್ತರವೇ ಇಲ್ಲಿಗೂ ಹೊಂದುತ್ತದೆ. 1713ರಲ್ಲಿ ಶಾಹು ಮಹಾರಾಜರು ಬಾಲಾಜಿ ವಿಶ್ವನಾಥನನ್ನು ಪೇಶ್ವೆ ಮಾಡಿದರು. ಆಮೇಲೆ ಆ ಪದವಿ ಅವನ ವಂಶದಲ್ಲೇ ನಿಂತಿತು, ಪುಣೆಯೇ ರಾಜಧಾನಿಯಂತಾಯಿತು. ಆದರೂ ಹೊಸ ಪೇಶ್ವೆ ಬಂದಾಗಲೆಲ್ಲ ಸಾತಾರಾದ ಛತ್ರಪತಿಯಿಂದ ಅಧಿಕಾರದ ವಸ್ತ್ರ ಬರಬೇಕು. ಕೊಡುವವನು ಸಾತಾರಾ ಕೋಟೆಯಲ್ಲಿ ಬಂದಿಯಂತೆ ಇದ್ದರೂ ಸರಿ, ವಸ್ತ್ರ ಅವನದೇ ಆಗಬೇಕು.

ಜಪಾನಿನದು ಇನ್ನೂ ಸ್ವಾರಸ್ಯ. 1192ರಲ್ಲಿ ಮಿನಾಮೊಟೊ ಯೊರಿಟೊಮೊ ಶೋಗನ್ ಆದ. ಚಕ್ರವರ್ತಿ ಕ್ಯೋಟೋದಲ್ಲಿ ಪೂಜೆ, ಕಾವ್ಯ ಅಂತ ಉಳಿದ. ಯೊರಿಟೊಮೊ ತೀರಿದ ಮೇಲೆ ಅವನ ಹೆಂಡತಿಯ ಕಡೆಯ ಹೋಜೋ ಮನೆಯವರು ಶೋಗನ್ನನನ್ನೂ ಬೊಂಬೆ ಮಾಡಿ 1333ರವರೆಗೆ ಆಳಿದರು. ಚಕ್ರವರ್ತಿಯ ಹೆಸರಿನಲ್ಲಿ ಶೋಗನ್, ಶೋಗನ್ ಹೆಸರಿನಲ್ಲಿ ಹೋಜೋ! ಮುಂದೆ ಹಿಡೆಯೋಶಿ ಅಂತ ಒಬ್ಬ ಬಂದ, ಸಾಮಾನ್ಯ ಮನೆಯವನು. ದೇಶವನ್ನೆಲ್ಲ ಗೆದ್ದರೂ ಕುಲದ ಬಲವಿಲ್ಲ. 1585ರಲ್ಲಿ ಕೊನೊಎ ಎಂಬ ದೊಡ್ಡ ಮನೆತನಕ್ಕೆ ದತ್ತು ಹೋಗಿ, ಚಕ್ರವರ್ತಿಯ ಪರವಾಗಿ ರಾಜ್ಯ ನೋಡಿಕೊಳ್ಳುವ ‘ಕಂಪಾಕು’ ಪದವಿ ಪಡೆದ. ಆಗ ಅವನಿಗೆ ಐವತ್ತರ ಹತ್ತಿರ. ಆ ವಯಸ್ಸಿಗೆ ದತ್ತು!

ನೇಪಾಳದಲ್ಲಿ 1846ರ ಕೋತ್ ಹತ್ಯಾಕಾಂಡದ ನಂತರ ಜಂಗ್ ಬಹದ್ದೂರ್ ರಾಣಾ ಕೈಗೆ ಎಲ್ಲವೂ ಬಂತು. ಹೆಸರಿನ ಮುಂದೆ ದೊರೆಗೆ ಐದು ಶ್ರೀ, ರಾಣಾಗೆ ಮೂರು ಶ್ರೀ. ಐದು ಶ್ರೀಯವರು ಅರಮನೆಯೊಳಗೆ, ಮೂರು ಶ್ರೀಯವರು ರಾಜ್ಯದ ಮೇಲೆ. 1951ರವರೆಗೂ ಹೀಗೇ.

ಬೇಲಿ ದಾಟಿದವರೂ ಇದ್ದಾರೆ. ಸಯಾಮಿನಲ್ಲಿ, ಅಂದರೆ ಇಂದಿನ ಥಾಯ್ಲೆಂಡಿನಲ್ಲಿ, ‘ಚಕ್ರಿ’ ಎಂಬುದು ಹಿರಿಯ ಮಂತ್ರಿಯ ಪದವಿ. ಆ ಪದವಿಯಲ್ಲಿದ್ದವನು 1782ರಲ್ಲಿ ತಾನೇ ಪಟ್ಟವೇರಿ ಒಂದನೇ ರಾಮನಾದ. ಬ್ಯಾಂಕಾಕಿನಲ್ಲಿ ಇಂದಿಗೂ ಆಳುತ್ತಿರುವ ವಂಶಕ್ಕೆ ಚಕ್ರಿ ವಂಶವೆಂದೇ ಹೆಸರು. ಹೈದರ ತೀರಿಕೊಂಡದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ.

ಪ್ರಶ್ನೆ: ಚೀನಾದಲ್ಲಿ ಇಂಥ ಮಂತ್ರಿಗಳು ಇರಲಿಲ್ಲವೇ?
– ಒಬ್ಬ ಓದುಗರು, ಮದ್ದೂರು

ಉತ್ತರ: ಇದ್ದರು. ಮಿಂಗ್ ವಂಶದ ಮೊದಲ ಚಕ್ರವರ್ತಿ ಹೊಂಗ್ವು 1380ರಲ್ಲಿ ಪ್ರಧಾನ ಹೂ ವೈಯೊಂಗ್‌ನ ತಲೆ ತೆಗೆಸಿ ಆ ಹುದ್ದೆಯನ್ನೇ ರದ್ದು ಮಾಡಿದ. ಮುಂದೆ ಯಾರಾದರೂ ಅದನ್ನು ಮತ್ತೆ ತರೋಣವೆಂದರೆ ಅವರಿಗೂ ಸಾವೇ ಶಿಕ್ಷೆ ಎಂದು ಬರೆದಿಟ್ಟ. ಕಾಗದಪತ್ರದ ರಾಶಿ ಒಬ್ಬನಿಂದ ಮುಗಿಯುತ್ತದೆಯೇ? ಕೆಳದರ್ಜೆಯ ಪಂಡಿತರನ್ನು ಸಹಾಯಕ್ಕೆಂದು ಇಟ್ಟುಕೊಂಡರು. ಇನ್ನೂರು ವರ್ಷ ಕಳೆಯುವಷ್ಟರಲ್ಲಿ ಆ ಸಹಾಯಕರ ಸಾಲಿನ ಝಾಂಗ್ ಜುಜೆಂಗ್ ಬಾಲಕ ಚಕ್ರವರ್ತಿಯ ಹೆಸರಿನಲ್ಲಿ ರಾಜ್ಯವನ್ನೇ ನಡೆಸಿದ.

ಪ್ರಶ್ನೆ: ನಮ್ಮ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಆನೆ ಹೊತ್ತ ಕಂಬಗಳಿವೆ. ಅವು ಮಂತ್ರಿಗಳದ್ದೇ?
– ಒಬ್ಬ ಓದುಗರು, ಕೆ.ಆರ್. ಪೇಟೆ

ಉತ್ತರ: ಗರುಡರದ್ದು. ಗರುಡ ಎಂಬುದು ಹೊಯ್ಸಳರಲ್ಲಿ ಬರೀ ಬಿರುದಲ್ಲ, ಕರಾರು. ದೊರೆ ಸತ್ತ ದಿನ ಗರುಡನೂ ಬದುಕಿರುವುದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರದ ಬಳಿಯ ಕಂಬದಲ್ಲಿ ಕುವರಲಕ್ಷ್ಮನ ಕತೆ ಕೆತ್ತಿದೆ: ಇಮ್ಮಡಿ ಬಲ್ಲಾಳನ ದಂಡನಾಯಕ, ಮಂತ್ರಿಯೂ ಹೌದು, ದೊರೆಯ ಹಿಂದೆಯೇ ಹೆಂಡತಿಯೊಂದಿಗೆ ಪ್ರಾಣ ಬಿಟ್ಟ. ಆ ಕಾಲದಲ್ಲಿ ದಂಡು, ಮಂತ್ರಾಲೋಚನೆ ಬೇರೆ ಬೇರೆ ಇರಲಿಲ್ಲ. ಒಂದೇ ಶಾಸನದಲ್ಲಿ ಒಬ್ಬನನ್ನೇ ಮಹಾಪ್ರಧಾನ, ಸರ್ವಾಧಿಕಾರಿ, ದಂಡನಾಯಕ ಎಂದು ಸಾಲಾಗಿ ಕರೆದಿರುವುದುಂಟು. ಬಸರಾಳಿನ ಮಲ್ಲಿಕಾರ್ಜುನ ಗುಡಿಯನ್ನು 1234ರಲ್ಲಿ ಕಟ್ಟಿಸಿದ ಹರಿಹರನೂ ದಣ್ಣಾಯಕನೇ. ಬಾಚಹಳ್ಳಿ ಕಂಬಗಳ ಬುಡದಲ್ಲಿ ಹುಲ್ಲಿನ ಮೆದೆ ಹಾಕದಂತೆ ಊರಿನವರಿಗೆ ದಯವಿಟ್ಟು ಹೇಳಿ.

ಪ್ರಶ್ನೆ: ಮೈಸೂರಿನ ಕೊನೆಯ ದಿವಾನರು ಯಾರು? ಮಹಾರಾಜರ ಬಿರುದು ಆಮೇಲೆ ಏನಾಯಿತು?
– ಒಬ್ಬ ಓದುಗರು, ದಿವಾನ್ಸ್ ರೋಡ್, ಮೈಸೂರು

ಉತ್ತರ: ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. 1947ರ ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರು ಮುಖ್ಯಮಂತ್ರಿಯಾದ ಮೇಲೂ ಮೊದಲಿಯಾರರು ದಿವಾನರಾಗಿಯೇ ಮುಂದುವರಿದರು. ಒಂದೇ ರಾಜ್ಯಕ್ಕೆ ಕೆಲಕಾಲ ಇಬ್ಬರೂ. ಜಯಚಾಮರಾಜ ಒಡೆಯರು 1950ರಿಂದ ರಾಜಪ್ರಮುಖರು, ಅಂದರೆ ರಾಜ್ಯಪಾಲರ ಜಾಗದಲ್ಲಿ ರಾಜ್ಯದ ಮುಖ್ಯಸ್ಥರು. 1956ರ ನವೆಂಬರ್ 1ರಂದು ಆ ಪದವಿ ಹೋಗಿ ಅವರೇ ರಾಜ್ಯಪಾಲರಾದರು, ಎಸ್. ನಿಜಲಿಂಗಪ್ಪನವರ ಸಂಪುಟ ಹೇಳಿದ್ದಕ್ಕೆ ರುಜು ಹಾಕಬೇಕಾದ ರಾಜ್ಯಪಾಲರು. 1964ರಲ್ಲಿ ಅದೇ ಹುದ್ದೆಗೆ ಮದ್ರಾಸಿಗೆ ಹೋದರು.